ಕಾಲೂರಿ ಕೂತ ಕ್ಯಾರಿಯರ್

ಅವತ್ತು ನಾನು ಕಾಲು ಎತ್ತಿರಲಿಲ್ಲ. ಓಬಕ್ಕನ ಗಂಡನ ಸೈಕಲ್ಲಿಗೆ ಹೊಸ ಕ್ಯಾರಿಯರ್ ಹಾಕಿ, ಗಟ್ಟಿಯಾಗಿದೆ ಎಂದು ತೋರಿಸಲು ಅದರ ಮೇಲೆ ನಾನೇ ಕೂತೆ — ಕೂತಂತೆ ಮಾಡಿದೆ. ಎರಡೂ ಪಾದಗಳ ತುದಿ ನೆಲದ ಮೇಲಿತ್ತು. ನನ್ನ ಭಾರ ಹೊತ್ತದ್ದು ಕ್ಯಾರಿಯರ್ ಅಲ್ಲ, ನನ್ನ ಕಾಲು. ಹತ್ತೊಂಬತ್ತು ದಿನ ಕಳೆದ ಮೇಲೆ ಆ ಕ್ಯಾರಿಯರ್ ಕಳಚಿ ಓಬಕ್ಕ ರಸ್ತೆಗೆ ಬಿದ್ದರು. ತಪ್ಪು ಅವರ ಮೈಭಾರದ್ದು ಎಂದು ಹತ್ತು ಜನರ ಎದುರು ಹೇಳಿದವನೂ ನಾನೇ. ಆ ಮಾತನ್ನು ನಾಲ್ಕು ವರ್ಷ ಹಾಗೇ ಇರಲು ಬಿಟ್ಟೆ.

ನ್ಯಾಮತಿಯ ಬಸ್ ನಿಲ್ದಾಣದಿಂದ ನಾಲ್ಕು ಹೆಜ್ಜೆ ಮುಂದೆ ನನ್ನ ಸೈಕಲ್ ಶಾಪ್ ಇದೆ. ಅಪ್ಪ ಹಾಕಿದ್ದು. ಈಗ ಮನೆಗೆ ಎರಡು ಬೈಕು, ಸೈಕಲ್ ತರುವವರು ಕಡಿಮೆ. ಹಾಗಾಗಿ ಬಂದವರ ಜೊತೆ ನನ್ನ ಮಾತು ಜಾಸ್ತಿ. ಶೇಖರಪ್ಪನ ಹತ್ತಿರ ಪಂಕ್ಚರ್ ಹಾಕಿಸಲು ಹೋಗುವವರು ಬುತ್ತಿ ಕಟ್ಟಿಕೊಂಡು ಹೋಗಬೇಕು ಎಂದು ಟೀ ಅಂಗಡಿಯಲ್ಲಿ ಚೇಷ್ಟೆ ಮಾಡುತ್ತಾರೆ. ಮಾಡಲಿ. ನನಗೆ ಮಾತು ಬೇಕು, ನಾಲ್ಕು ಜನ ನಗಬೇಕು — ಈ ಚಪಲವೇ ನನ್ನ ಕೈಯಲ್ಲಿ ಆ ಕೆಲಸ ಮಾಡಿಸಿತು ಎಂದು ಈಗ ಗೊತ್ತು.

ಅಪ್ಪನದು ಒಂದು ಪದ್ಧತಿ ಇತ್ತು. ಕ್ಯಾರಿಯರ್ ಹಾಕಿದವನೇ ಅದರ ಮೇಲೆ ಕೂರಬೇಕು, ಎರಡೂ ಕಾಲು ಎತ್ತಬೇಕು. ಪೆಡಲ್ ತುಳಿಯುವುದು ಗಿರಾಕಿ. ಟೀ ಅಂಗಡಿಯ ಎದುರಿನ ಹಂಪ್ ಹತ್ತಿ ಇಳಿದು ವಾಪಸ್ ಬಂದರೆ ಮಾತ್ರ ಸೈಕಲ್ ಅವರ ಕೈಗೆ. ಇದಕ್ಕೆ ನಮ್ಮ ಕಡೆ ‘ಕೂತು ಕೊಡೋದು’ ಎಂದೇ ಹೆಸರು ಬಿದ್ದಿತ್ತು. ಹಾಲಿನವರು, ಸೊಪ್ಪಿನವರು ಮೊದಲು ಕೇಳುತ್ತಿದ್ದದ್ದೇ ಅದನ್ನು: ಕೂತು ಕೊಡ್ತೀಯೋ, ಹಂಗೇ ಕೊಡ್ತೀಯೋ? ಅಪ್ಪ ಒಳ್ಳೇ ದಪ್ಪ ಆಳು. ಅವರು ಕೂತು ಬಂದ ಕ್ಯಾರಿಯರ್ ಮೇಲೆ ಮೆಕ್ಕೆಜೋಳದ ಮೂಟೆ ಹೇರಿದರೂ ಯಾರೂ ಹಿಂದೆ ತಿರುಗಿ ನೋಡುತ್ತಿರಲಿಲ್ಲ. ಅಪ್ಪ ಹೋದ ಮೇಲೆ ನಾನೂ ಅದನ್ನು ಬಿಟ್ಟಿರಲಿಲ್ಲ. ಒಂದೇ ಒಂದು ಸಲ ಬಿಟ್ಟೆ.

ನಾಗಣ್ಣ ಇಲ್ಲಿನ ಒಂದು ಸರ್ಕಾರಿ ಕಚೇರಿಯಲ್ಲಿ ಜವಾನ. ನ್ಯಾಮತಿ ತಾಲ್ಲೂಕಾದ ಮೇಲೆ ಇಲ್ಲಿಗೆ ವರ್ಗವಾಗಿ ಬಂದವರು, ಮೂರು ಕಿಲೋಮೀಟರ್ ದೂರದ ಹಳ್ಳಿಯಲ್ಲಿ ಮನೆ ಮಾಡಿಕೊಂಡಿದ್ದಾರೆ. ಅವರಿಗೆ ಒಂದು ಕಣ್ಣು ಮಂಜು. ಬೈಕಿಗೆ ಲೈಸೆನ್ಸ್ ಸಿಗಲಿಲ್ಲ, ಸೈಕಲ್ಲೇ ಗತಿ. ಅವರ ಹೆಂಡತಿ ಓಬಕ್ಕ ಜಗಳೂರು ತಾಲ್ಲೂಕಿನ ಸೊಕ್ಕೆ ಕಡೆಯವರು. ಎತ್ತರದ ಆಳು, ತುಂಬಿದ ಮೈ, ದೊಡ್ಡ ದನಿ. ನ್ಯಾಮತಿಯ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾರೆ. ಇಬ್ಬರಿಗೂ ಬೆಳಗ್ಗೆ ಒಂದೇ ದಾರಿ, ಹೆಚ್ಚುಕಮ್ಮಿ ಒಂದೇ ಹೊತ್ತು. ಹಳೇ ಸೈಕಲ್ಲಿನ ಕ್ಯಾರಿಯರ್ ಡೊಂಕಾಗಿತ್ತು. ದಿನಾ ಹೆಂಡತಿಯನ್ನು ಕೂರಿಸಿಕೊಂಡು ಹೋಗುವಂಥ ಗಟ್ಟಿ ಕ್ಯಾರಿಯರ್ ಬೇಕು ಎಂದು ಇಬ್ಬರೂ ಬಂದರು.

ಕ್ಯಾರಿಯರ್ ಆರಿಸಲು ಅಷ್ಟು ಹೊತ್ತು ತಗೊಂಡ ಗಿರಾಕಿಯನ್ನು ನಾನು ನೋಡಿರಲಿಲ್ಲ. ನಾಗಣ್ಣ ಸುಮ್ಮನೆ ನಿಂತಿದ್ದರು. ನೋಡಿದ್ದೆಲ್ಲ ಓಬಕ್ಕ. ಗೋಡೆಯಲ್ಲಿ ನೇತುಹಾಕಿದ್ದ ನಾಲ್ಕನ್ನು ಇಳಿಸಿದೆ. ಮೊದಲನೆಯದು ಸ್ಪ್ರಿಂಗ್ ಕ್ಲಿಪ್ಪಿನ ತೆಳು ಕ್ಯಾರಿಯರ್, ಕಾಲೇಜಿನವರು ಪುಸ್ತಕ ಇಟ್ಟುಕೊಳ್ಳುವುದು. ಅದನ್ನು ಅವರು ಎರಡು ಬೆರಳಲ್ಲಿ ಎತ್ತಿ ವಾಪಸ್ ಕೊಟ್ಟರು. ಎರಡನೆಯದು ಅಲ್ಯೂಮಿನಿಯಂದು, ಗೇರ್ ಸೈಕಲ್ಲಿಗೆ ಬರುತ್ತದೆ. ಹೊಳಪು ಚೆನ್ನಾಗಿದೆ, ಆದರೆ ಸೀಟಿನ ಕೆಳಗಿನ ಪೈಪಿಗೆ ಒಂದೇ ಹಿಡಿತ, ಕೂತರೆ ಅಲ್ಲಾಡುತ್ತದೆ. ಮೂರನೆಯದಕ್ಕೆ ಕಾಲೇನೋ ದಪ್ಪ, ಆದರೆ ಬೆಸುಗೆಯ ಮೇಲೆ ಬಣ್ಣ ಜಾಸ್ತಿ ಬಳಿದಿದ್ದರು. ಓಬಕ್ಕ ಆ ಬಣ್ಣವನ್ನು ಉಗುರಿನಿಂದ ಕೆರೆದು ನೋಡಿದರು. ಪಾತ್ರೆ ಕೊಳ್ಳುವಾಗ ತಳ ನೋಡುತ್ತಾರಲ್ಲ, ಹಾಗೆ. ಅಡ್ಡ ಕಂಬಿ ಎಷ್ಟಿವೆ, ಎರಡು ಕಾಲಿನ ನಡುವೆ ಆಧಾರಕ್ಕೆ ಪಟ್ಟಿ ಇದೆಯೋ ಇಲ್ಲವೋ, ಸೀರೆ ಸಿಕ್ಕಿಕೊಳ್ಳುವ ಚೂಪು ಎಲ್ಲಾದರೂ ಇದೆಯೋ — ಒಂದೊಂದನ್ನೂ ಕೇಳಿದರು. ನನಗೆ ಖುಷಿಯಾಯಿತು. ಗಟ್ಟಿ ಮಾಲನ್ನು ಗುರುತಿಸುವ ಗಿರಾಕಿ ಎಲ್ಲಿ ಸಿಗುತ್ತಾರೆ ಈಗ.

ನಾಲ್ಕನೆಯದು ಹಾಲಿನವರ ಕ್ಯಾರಿಯರ್. ದಪ್ಪ ಕಂಬಿ, ಒಂದೊಂದು ಬದಿಗೆ ಎರಡೆರಡು ಕಾಲು, ಕಾಲಿನ ತುದಿಗೆ ದಪ್ಪ ಪಟ್ಟಿ. ಓಬಕ್ಕ ಅದನ್ನು ನೆಲಕ್ಕಿಟ್ಟು ಎರಡೂ ಕೈಯಿಂದ ಒತ್ತಿದರು. ಇದೇ ಇರಲಿ ಎಂದರು. ಆರಿಸಿದ್ದು ಸರಿಯಾಗಿತ್ತು — ಇದನ್ನು ನಾನು ಒತ್ತಿ ಹೇಳಬೇಕು. ಅವರು ಆರಿಸಿದ್ದರಲ್ಲಿ ಯಾವ ತಪ್ಪೂ ಇರಲಿಲ್ಲ. ಆ ಕ್ಯಾರಿಯರ್ ಇವತ್ತಿಗೂ ಒಂದು ಕೂದಲೆಳೆಯಷ್ಟು ಬಗ್ಗಿಲ್ಲ.

ತಪ್ಪು ಇದ್ದದ್ದು ಅದನ್ನು ಸೈಕಲ್ಲಿಗೆ ಕೂರಿಸುವುದರಲ್ಲಿ. ಹಿಂದಿನ ಚಕ್ರದ ಆಕ್ಸಲ್ ಮೇಲೆ ಎಷ್ಟೋ ವಸ್ತುಗಳು ಕೂರುತ್ತವೆ: ಸ್ಟ್ಯಾಂಡು, ಮಡ್ಗಾರ್ಡಿನ ಕಡ್ಡಿ, ಕ್ಯಾರಿಯರಿನ ಕಾಲು, ಕೊನೆಗೆ ವಾಷರ್, ಅದರ ಮೇಲೆ ನಟ್ಟು. ಹಾಲಿನ ಕ್ಯಾರಿಯರಿನ ಪಟ್ಟಿ ದಪ್ಪ, ಅದೂ ಎರಡೆರಡು. ಅಷ್ಟನ್ನೂ ಪೋಣಿಸಿದ ಮೇಲೆ ಎಡಗಡೆ ಆಕ್ಸಲ್ಲಿನ ತುದಿ ಹೊರಗೆ ಉಳಿದದ್ದು ಸ್ವಲ್ಪವೇ. ನಟ್ಟು ಎರಡೇ ಸುತ್ತು ಹಿಡಿಯಿತು. ಐದಾರು ಸುತ್ತಾದರೂ ಹಿಡಿಯಬೇಕು. ಉದ್ದದ ಆಕ್ಸಲ್ ಹಾಕಿದ್ದರೆ ಮುಗಿದಿತ್ತು. ಅಂಗಡಿಯಲ್ಲಿ ಇರಲಿಲ್ಲ, ಹೊನ್ನಾಳಿಯಿಂದ ತರಬೇಕಿತ್ತು. ನಾಳೆ ಬನ್ನಿ ಎಂದರೆ ಅವರು ಬರುತ್ತಿದ್ದರು. ನಾನು ಹೇಳಲಿಲ್ಲ.

ಅವತ್ತು ಚನ್ನಗಿರಿಯಲ್ಲಿ ನನ್ನ ಹೆಂಡತಿಯ ಅಣ್ಣನ ಮಗಳ ನಿಶ್ಚಿತಾರ್ಥ. ಬಿಳಿ ಪಂಚೆ ಉಟ್ಟು, ಬಸ್ಸಿನ ಹೊತ್ತು ನೋಡುತ್ತಲೇ ಕೆಲಸ ಮಾಡುತ್ತಿದ್ದೆ. ಒಂದು ಗಂಟೆಯಲ್ಲಿ ಮಾಡಿಕೊಡುತ್ತೇನೆ ಎಂದು ಬೇರೆ ಹೇಳಿಬಿಟ್ಟಿದ್ದೆ. ಇವೆಲ್ಲ ಕಾರಣಗಳಲ್ಲ, ಅವತ್ತಿನ ಸಂಗತಿಗಳು ಅಷ್ಟೇ. ವಾಷರನ್ನು ತೆಗೆದುಹಾಕಿದೆ. ನಟ್ಟು ಇನ್ನರ್ಧ ಸುತ್ತು ಹಿಡಿಯಿತು. ಪಾನಾ ಹಾಕಿ ಬಿಗಿದೆ. ಸದ್ಯಕ್ಕೆ ನಡೆಯುತ್ತದೆ, ಬರುವ ವಾರ ಕರೆದು ಆಕ್ಸಲ್ ಬದಲಿಸುತ್ತೇನೆ ಎಂದುಕೊಂಡೆ.

ನಾಗಣ್ಣ ಕೇಳಿದರು, “ಕುಂತು ಕೊಡ್ತೀರಂತಲ್ರೀ, ಶೇಖರಪ್ಪಾರೆ?”

ಪಂಚೆ ಹೊಲಸಾಗುತ್ತೆ, ಹಂಪಿನ ತನಕ ಬೇಡ, ಇಲ್ಲೇ ಕೂತು ತೋರಿಸುತ್ತೇನೆ ಎಂದೆ. ನಾಗಣ್ಣ ಹ್ಯಾಂಡಲ್ ಹಿಡಿದರು. ನಾನು ಕೂತೆ. ನಟ್ಟಿನ ಸಂಗತಿ ನನಗೆ ಗೊತ್ತಲ್ಲ — ಕಾಲೆತ್ತಲು ಭಯವಾಯಿತು. ಪಂಚೆಯ ಅಂಚು ನೆಲ ಮುಟ್ಟುತ್ತಿತ್ತು, ಒಳಗೆ ಪಾದ ಊರಿದ್ದು ಯಾರಿಗೂ ಕಾಣಲಿಲ್ಲ. ಆನೆ ಕೂರಿಸಿದರೂ ಏನೂ ಆಗುವುದಿಲ್ಲ ಎಂದು ನಕ್ಕೆ. ಓಬಕ್ಕನೂ ನಕ್ಕರು. ನಂಬಿದ ನಗು ಅದು. ನಾನು ಬಸ್ಸಿಗೆ ಓಡಿದೆ.

ಆಮೇಲೆ ದಿನಾ ಬೆಳಗ್ಗೆ ಅವರು ನನ್ನ ಅಂಗಡಿಯ ಮುಂದೆಯೇ ಹೋಗುತ್ತಿದ್ದರು. ನಾಗಣ್ಣ ತುಳಿಯುತ್ತಿದ್ದರೆ ಓಬಕ್ಕ ಹಿಂದೆ ಒಂದು ಕಡೆಗೆ ಕಾಲು ಇಳಿಬಿಟ್ಟು, ಮಡಿಲಲ್ಲಿ ಊಟದ ಚೀಲ ಇಟ್ಟುಕೊಂಡು, ಏನಾದರೂ ಹೇಳುತ್ತಲೇ ಇರುತ್ತಿದ್ದರು. ಮನೆಯಲ್ಲಿ ಮಾತಾಡಲು ಹೊತ್ತೇ ಸಿಗಲ್ಲ, ಆ ಮೂರು ಕಿಲೋಮೀಟರಿನಲ್ಲೇ ನಮ್ಮದೆಲ್ಲ ಮಾತು ಎಂದು ನಾಗಣ್ಣ ಒಮ್ಮೆ ಹೇಳಿದ್ದರು. ದಿನಾ ನೋಡುತ್ತಿದ್ದೆ. ಇವತ್ತು ಕರೆಯಬೇಕು, ಇವತ್ತು ಬೇಡ ನಾಳೆ — ಹೀಗೇ ಹತ್ತೊಂಬತ್ತು ದಿನ. ಹೊನ್ನಾಳಿಗೆ ಆ ನಡುವೆ ಎರಡು ಸಲ ಹೋಗಿದ್ದೆ. ಆಕ್ಸಲ್ ತರಲಿಲ್ಲ.

ಇಪ್ಪತ್ತನೆಯ ಬೆಳಗ್ಗೆ ಟೀ ಅಂಗಡಿಯ ಎದುರಿನ ಹಂಪಿನಲ್ಲಿ ನಟ್ಟು ಹಾರಿತು. ಎಡಗಡೆಯ ಕಾಲುಗಳು ಆಕ್ಸಲ್‌ನಿಂದ ಕಳಚಿ ಕ್ಯಾರಿಯರ್ ಒಂದು ಕಡೆಗೆ ವಾಲಿತು, ಓಬಕ್ಕ ಕೈ ಊರಿ ರಸ್ತೆಗೆ ಬಿದ್ದರು. ಎಲ್ಲರಿಗಿಂತ ಮುಂದೆ ಓಡಿದವನು ನಾನು. ಅವರನ್ನು ಎತ್ತಲು ಓಡಿದೆ ಎಂದು ಜನ ತಿಳಿದುಕೊಂಡರು. ನಾನು ಓಡಿದ್ದು ನಟ್ಟಿಗಾಗಿ. ರಸ್ತೆಯ ಪಕ್ಕದ ಜಲ್ಲಿಯಲ್ಲಿ ಬಿದ್ದಿತ್ತು. ಎತ್ತಿ ಜೇಬಿಗೆ ಹಾಕಿಕೊಂಡ ಮೇಲೆಯೇ ಅವರ ಕಡೆ ತಿರುಗಿದೆ.

ಟೀ ಅಂಗಡಿಯಿಂದ ಜನ ಎದ್ದು ಬಂದರು. ಯಾರೋ ಕೇಳಿದರು — ಏನಪ್ಪಾ, ನೀನು ಕೂತು ಕೊಟ್ಟ ಕ್ಯಾರಿಯರ್ ಅಲ್ವೇನು ಇದು? ಅಪ್ಪನ ಹೆಸರು, ಅಂಗಡಿಯ ಹೆಸರು, ಎಲ್ಲ ಒಂದೇ ಸಲ ತಲೆಗೆ ಬಂತು. ಆಗ ನನ್ನ ಬಾಯಿಂದ ಈ ಮಾತು ಬಂತು:

“ಕ್ಯಾರಿಯರ್ ಏನ್ ಮಾಡ್ತೈತೆ ಪಾಪ. ಈ ಭಾರಕ್ಕೆ ಸೈಕಲ್ ಅಲ್ಲ, ಲಾರಿ ಬೇಕು.”

ನಕ್ಕರು. ಎಲ್ಲರೂ ಅಲ್ಲ, ಆದರೆ ಸಾಕಷ್ಟು ಜನ. ಓಬಕ್ಕ ಇನ್ನೂ ರಸ್ತೆಯ ಮೇಲೇ ಕೂತಿದ್ದರು, ಬಲಗೈಯಲ್ಲಿ ಎಡ ಮಣಿಕಟ್ಟು ಹಿಡಿದುಕೊಂಡು. ನನ್ನ ಮುಖ ನೋಡಿದರು. ಸಿಟ್ಟು ಇರಲಿಲ್ಲ ಆ ಮುಖದಲ್ಲಿ. ಹೌದೇನೋ ಎನ್ನುವ ಹಾಗಿತ್ತು. ನಂತರ ನೋಯದ ಕೈಯಿಂದ ಸೆರಗು ಎಳೆದು ಹೊಟ್ಟೆ ಮುಚ್ಚಿಕೊಂಡರು.

ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಆರು ವಾರ ಪಟ್ಟಿ ಹಾಕಿದರು, ಕೂಡಿಕೊಂಡಿತು. ನಾನು ಮರುದಿನವೇ ಹೊನ್ನಾಳಿಗೆ ಹೋಗಿ ಉದ್ದದ ಆಕ್ಸಲ್ ತಂದೆ. ಕಾರಣ ಯಾರಿಗೂ ಹೇಳದೆ ಹಾಕಿದೆ, ವಾಷರ್ ಸಮೇತ. ಏನೂ ತಗೊಳ್ಳಲಿಲ್ಲ. ನಿಮ್ಮಂಥ ಒಳ್ಳೆಯವರು ಈ ಕಾಲದಲ್ಲಿ ಇಲ್ಲ ಎಂದು ನಾಗಣ್ಣ ಕೈಮುಗಿದರು. ಆ ಕೈಗಳನ್ನು ನೋಡುತ್ತ ನಿಂತೆನೇ ಹೊರತು — ಆಗಲೂ ಹೇಳಲಿಲ್ಲ.

ಓಬಕ್ಕ ಮತ್ತೆ ಆ ಕ್ಯಾರಿಯರ್ ಮೇಲೆ ಕೂರಲಿಲ್ಲ. ಮೊದಮೊದಲು ನಾಗಣ್ಣ ಸೈಕಲ್ ತಳ್ಳಿಕೊಂಡು ಅವರ ಜೊತೆ ನಡೆಯುತ್ತಿದ್ದರು. ಕಚೇರಿಯಲ್ಲಿ ಬೆರಳೊತ್ತಿ ಹಾಜರಿ ಹಾಕುವುದು ಬಂದ ಮೇಲೆ ತಡವಾಗತೊಡಗಿತು. ಅವರು ಮುಂದೆ ಹೋಗುತ್ತಿದ್ದರು, ಹೆಂಡತಿಯ ಊಟದ ಚೀಲವನ್ನು ಕ್ಯಾರಿಯರಿಗೆ ಸಿಕ್ಕಿಸಿಕೊಂಡು ಹೋಗಿ ಶಾಲೆಯ ಗೇಟಿಗೆ ನೇತುಹಾಕುತ್ತಿದ್ದರು. ಓಬಕ್ಕ ಹಿಂದಿನಿಂದ ಒಬ್ಬರೇ ನಡೆದು ಬರುತ್ತಿದ್ದರು. ಊರಲ್ಲಿ ಅತ್ಯಂತ ಗಟ್ಟಿಯಾದ ಕ್ಯಾರಿಯರ್ ಅದು. ನಾಲ್ಕು ವರ್ಷ ಅದರ ಮೇಲೆ ಹೋದದ್ದು ಒಂದು ಊಟದ ಚೀಲ.

ಇಷ್ಟೇ ಆಗಿದ್ದರೆ ಮರೆಯುತ್ತಿದ್ದೆನೋ ಏನೋ. ನನ್ನ ಪಕ್ಕದ್ದು ಮೆಕ್ಕೆಜೋಳ ಕೊಳ್ಳುವವರ ಮಳಿಗೆ, ಮೂಟೆ ತೂಗುವ ದೊಡ್ಡ ತಕ್ಕಡಿ ಹೊರಗೇ ಇರುತ್ತದೆ. ಜನ ಇಲ್ಲದ ಹೊತ್ತು ನೋಡಿ ಓಬಕ್ಕ ಅದರ ಮೇಲೆ ಹತ್ತಿ ನಿಲ್ಲುತ್ತಿದ್ದರು. ಚಪ್ಪಲಿ ಬಿಟ್ಟು ಹತ್ತುತ್ತಿದ್ದರು. ಅಂಕಿ ನೋಡಿ ಇಳಿದು, ಸುತ್ತ ಒಮ್ಮೆ ಕಣ್ಣಾಡಿಸಿ, ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಿದ್ದರು. ತಿಂಗಳಿಗೆ ಒಂದೆರಡು ಸಲ. ರಾತ್ರಿ ಅನ್ನ ಬಿಟ್ಟಿದ್ದಾಳೆ, ಎಷ್ಟು ಹೇಳಿದರೂ ಕೇಳುವುದಿಲ್ಲ ಎಂದು ನಾಗಣ್ಣ ಬೇಸರದಿಂದ ಹೇಳಿದ್ದರು. ನೂರೈವತ್ತು ಮಕ್ಕಳಿಗೆ ಬಡಿಸಿ ತಾನು ಅರ್ಧ ಲೋಟ ಮಜ್ಜಿಗೆ ಕುಡಿದು ಬರುತ್ತಾಳಂತೆ. ನಾನು ಚೈನಿಗೆ ಎಣ್ಣೆ ಬಿಡುತ್ತ ಕೇಳಿಸಿಕೊಂಡೆ. ಅವರ ಮೇಲೆ ಕರುಣೆ ಬಂತು ಎಂದರೆ ಅದು ಸುಳ್ಳಾಗುತ್ತದೆ. ಬಂದದ್ದು ಭಯ. ಡಬ್ಬಿಯಲ್ಲಿಟ್ಟಿದ್ದ ಆ ನಟ್ಟನ್ನು ಎಸೆಯೋಣ ಎಂದು ಎಷ್ಟೋ ಸಲ ತೆಗೆದೆ. ಎಸೆಯಲು ಆಗಲಿಲ್ಲ, ಇಟ್ಟುಕೊಳ್ಳಲೂ —

ಈಗ ಹೋದ ತಿಂಗಳ ಮಾತು. ಭಾನುವಾರ. ನಾಗಣ್ಣ ಬ್ರೇಕ್ ಬಿಗಿ ಮಾಡಿಸಲು ಸೈಕಲ್ ತಂದಿದ್ದರು. ಓಬಕ್ಕ ಸ್ವಲ್ಪ ಹೊತ್ತಿಗೆ ನಡೆದು ಬಂದರು. ಮೊಣಕಾಲು ನೋವು, ಜಾಸ್ತಿ ನಡೆಯಬೇಡ ಎಂದು ಡಾಕ್ಟರು ಹೇಳಿದ್ದಾರೆ ಎಂದರು. ಗಂಡ ಎಲೆಅಡಿಕೆ ತರಲು ಆ ಕಡೆ ಹೋಗುವುದನ್ನೇ ಕಾದಿದ್ದು, ದನಿ ತಗ್ಗಿಸಿ ಕೇಳಿದರು:

“ಶೇಖರಣ್ಣ, ಹದಿನಾಲ್ಕು ಕೆಜಿ ಇಳಿದೀನಿ. ಈಗ ಕುಂತ್ರೆ ತಡಿತೈತಾ?”

ಉತ್ತರ ಬಾಯಿಯ ತುದಿಯಲ್ಲೇ ಇತ್ತು. ತಡೆಯುತ್ತೆ, ಕೂತುಕೊಳ್ಳಿ ಎಂದರೆ ಸಾಕು. ಅದು ನಿಜವೂ ಆಗಿತ್ತು. ಅವರು ಕೂರುತ್ತಿದ್ದರು, ಮೊಣಕಾಲು ಉಳಿಯುತ್ತಿತ್ತು, ಮೂರು ಕಿಲೋಮೀಟರಿನ ಮಾತು ಮತ್ತೆ ಶುರುವಾಗುತ್ತಿತ್ತು, ನನ್ನ ಗುಟ್ಟು ಡಬ್ಬಿಯಲ್ಲೇ ಉಳಿಯುತ್ತಿತ್ತು. ಎಲ್ಲರಿಗೂ ಒಳ್ಳೆಯದು. ಆದರೆ ಆಮೇಲೆ ಅವರು ಹೊಟ್ಟೆ ತುಂಬ ಉಣ್ಣುವ ದಿನ ಮತ್ತೆ ಎಂದೂ ಬರುತ್ತಿರಲಿಲ್ಲ. ಪ್ರತಿ ತುತ್ತಿಗೂ ನನ್ನ ಮಾತು ಅಡ್ಡ ಬರುತ್ತಿತ್ತು. ಅವರ ಮುಖದಲ್ಲಿ ಅವತ್ತಿನ ಅದೇ — ಹೌದೇನೋ ಎನ್ನುವ ಅದೇ ನೋಟ ಇತ್ತು. ನನಗೆ ನಾಚಿಕೆಯಾಯಿತು. ತುಂಬ ತಡವಾಗಿ, ಆದರೆ ಆಯಿತು.

ಡಬ್ಬಿಯಿಂದ ನಟ್ಟು ತೆಗೆದು ಅವರ ಅಂಗೈಗೆ ಇಟ್ಟೆ. ಒಳಗಿನ ಎರಡು ಸುತ್ತು ಸವೆದು ಕಿತ್ತುಹೋಗಿದ್ದನ್ನು, ಉಳಿದವು ಹೊಸದಾಗಿಯೇ ಇದ್ದುದನ್ನು ಬೆರಳಿಟ್ಟು ತೋರಿಸಿದೆ. ಉದ್ದದ ಆಕ್ಸಲ್, ತೆಗೆದ ವಾಷರ್, ಪಂಚೆಯೊಳಗೆ ಊರಿದ್ದ ಪಾದ, ಜಲ್ಲಿಯಿಂದ ಎತ್ತಿ ಜೇಬಿಗೆ ಹಾಕಿದ್ದು — ಎಲ್ಲ ಹೇಳಿದೆ. ನಡುವೆ ನಾಗಣ್ಣ ವಾಪಸ್ ಬಂದರು, ಅರ್ಧ ಅವರೂ ಕೇಳಿದರು. ಎಲೆಅಡಿಕೆ ಕೈಯಲ್ಲೇ ಉಳಿಯಿತು. ಹೋಗಿ ಸೈಕಲ್ಲಿನ ಸೀಟು ಹಿಡಿದು ನಿಂತರು. ನಾಲ್ಕು ವರ್ಷದ ಹಿಂದೆ ನನಗೆ ಮುಗಿದ ಕೈ ಅದೇ.

ಓಬಕ್ಕ ಅಳಲಿಲ್ಲ. ಬೈಯಲೂ ಇಲ್ಲ. ನಟ್ಟನ್ನು ಎರಡು ಸಲ ತಿರುಗಿಸಿ ನೋಡಿದರು.

“ನನಗೊಬ್ಬಳಿಗೆ ಹೇಳಿದ್ರೆ ಏನಾತು? ಅವತ್ತು ಎಲ್ಲಿ ಹೇಳಿದ್ರೋ ಅಲ್ಲೇ ಹೇಳ್ರಿ. ಅದಕ್ಕೂ ಮೊದ್ಲು ಕುಂತ್ಕಳ್ರಿ ಇದ್ರ ಮ್ಯಾಲೆ. ಕಾಲು ಎತ್ತಿ.”

ಕೂತೆ. ನಾಗಣ್ಣ ತುಳಿದರು, ಹಿಂದೆ ನೋಡಲಿಲ್ಲ. ಎರಡೂ ಕಾಲು ಎತ್ತಿ ಸೀಟಿನ ಸ್ಪ್ರಿಂಗ್ ಹಿಡಿದುಕೊಂಡೆ. ಭಾನುವಾರದ ರಸ್ತೆ, ಎಲ್ಲರೂ ನೋಡುವವರೇ. ಅರವತ್ತು ದಾಟಿದ ಸೈಕಲ್ ಶೇಖರಪ್ಪ ಹಿಂದೆ ಕೂತು ಹೋಗುತ್ತಿರುವುದನ್ನು ನೋಡಿ ಇಬ್ಬರು ಫೋನು ತೆಗೆದರು. ಹಂಪ್ ಹತ್ತಿತು, ಇಳಿಯಿತು. ಕ್ಯಾರಿಯರ್ ಕಿಮಕ್ ಎನ್ನಲಿಲ್ಲ. ಓಬಕ್ಕನಿಗಿಂತ ಅವತ್ತೂ ಇವತ್ತೂ ನನ್ನ ತೂಕ ಹೆಚ್ಚು. ನಾಲ್ಕು ವರ್ಷದಲ್ಲಿ ಯಾರೂ ಇದನ್ನು ಯೋಚಿಸಿರಲಿಲ್ಲ, ನಾನೂ ಸೇರಿ.

ಟೀ ಅಂಗಡಿಯ ಮುಂದೆ ಇಳಿದು ನಿಂತೆ. ಓಬಕ್ಕ ನಡೆದು ಬರುವ ತನಕ ಕಾದೆ. ಆಮೇಲೆ ಬೆಂಚಿನ ಮೇಲಿದ್ದವರಿಗೆಲ್ಲ ಕೇಳುವಂತೆ ಹೇಳಿದೆ: ನಾಲ್ಕು ವರ್ಷದ ಹಿಂದೆ ಇಲ್ಲಿ ಓಬಕ್ಕ ಬಿದ್ದದ್ದು ಅವರ ಭಾರಕ್ಕಲ್ಲ, ನಾನು ನಟ್ಟು ಸರಿಯಾಗಿ ಕೂರಿಸಿರಲಿಲ್ಲ, ಗೊತ್ತಿದ್ದೂ ಕೂರಿಸಿರಲಿಲ್ಲ. ಜನ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರಿಗೂ ನೆನಪೇ ಇರಲಿಲ್ಲ. ಯಾವ ಓಬಕ್ಕ, ಯಾವಾಗ ಬಿದ್ದದ್ದು ಎಂದು ಒಬ್ಬರು ಕೇಳಿದರು. ಇನ್ನೊಬ್ಬರು ಲೋಟ ಕೆಳಗಿಟ್ಟು, ಕೆಟ್ಟ ಮನಸ್ಸಿಲ್ಲದೆ, ಗುರುತು ಹೇಳುವಂತೆ ಹೇಳಿದರು:

“ಅದೇ, ಲಾರಿ ಓಬಕ್ಕ.”

ಓಬಕ್ಕ ಅವರ ಎದುರೇ ನಿಂತಿದ್ದರು.

ನಾನು ಆಡಿದ್ದು ಒಂದು ಮಾತು. ಜನ ಕಾರಣ ಮರೆತಿದ್ದರು, ಹೆಸರು ಉಳಿಸಿಕೊಂಡಿದ್ದರು. ನಾಲ್ಕು ವರ್ಷ ಓಬಕ್ಕನ ಬೆನ್ನ ಹಿಂದೆ ಆ ಹೆಸರು ಓಡಾಡಿದೆ ಎಂದು ನನಗೆ ತಿಳಿದಿರಲಿಲ್ಲ. ಅವರಿಗೆ ತಿಳಿದಿತ್ತು. ಮುಖ ನೋಡಿದರೇ ಗೊತ್ತಾಗುತ್ತಿತ್ತು. ಆ ಹೆಸರು ಇಟ್ಟವನು ನಾನು ಎಂದು ಹೇಳಿದೆ, ತಪ್ಪಾಯಿತು ಎಂದು ಹೇಳಿದೆ. ಬೆಂಚಿನ ಮೇಲಿದ್ದವರು ಹೋಗಲಿ ಬಿಡು, ಹಳೇ ಮಾತು ಎಂದರು. ಹಳೇ ಮಾತು ಎನ್ನುವ ಹಕ್ಕು ಅವರಿಗೂ ಇಲ್ಲ, ನನಗೂ ಇಲ್ಲ. ಓಬಕ್ಕ ನಟ್ಟನ್ನು ಸೆರಗಿನ ತುದಿಗೆ ಹಾಕಿ ಗಂಟು ಕಟ್ಟಿದರು. ಇದು ನನ್ನ ಹತ್ತಿರ ಇರಲಿ ಎಂದರು. ಊರ ದಾರಿ ಹಿಡಿದು ನಡೆದರು. ನಾಗಣ್ಣ ಸೈಕಲ್ ತಳ್ಳಿಕೊಂಡು ಹಿಂದೆ ಹೋದರು.

ಅವತ್ತು ಆ ಬೆಂಚಿನ ಮೇಲೆ ಇದ್ದವರು ಏಳೆಂಟು ಜನ. ನಾಲ್ಕು ವರ್ಷದ ಹಿಂದೆ ನಕ್ಕವರಲ್ಲಿ ಕೆಲವರು ಈಗ ಊರಲ್ಲೇ ಇಲ್ಲ. ಅವರಿಗೂ ಮುಟ್ಟಲಿ ಎಂದು ಬರೆಯುತ್ತಿದ್ದೇನೆ. ಕ್ಷಮಿಸಿ ಎಂದು ಓಬಕ್ಕನನ್ನು ಇನ್ನೂ ಕೇಳಿಲ್ಲ. ಕೇಳಿದರೆ, ಇಷ್ಟು ಕಳೆದುಕೊಂಡವರೇ ನನಗೆ ಇನ್ನೊಂದನ್ನು ಕೊಡಬೇಕಾಗುತ್ತದೆ. ಒಂದು ಮಾತ್ರ ಮಾಡುತ್ತಿದ್ದೇನೆ. ಆ ಹೆಸರು ನನ್ನ ಕಿವಿಗೆ ಬಿದ್ದರೆ ಪಾನಾ ಕೆಳಗಿಟ್ಟು ಎದ್ದು ಹೋಗಿ, ಅಂದವರ ಎದುರು ನಿಂತು, ಮೊದಲಿನಿಂದ ಹೇಳುತ್ತೇನೆ. ನಗುತ್ತಾರೆ, ತಲೆ ಕೆಟ್ಟಿದೆ ಎನ್ನುತ್ತಾರೆ. ಈವರೆಗೆ ಒಂಬತ್ತು ಸಲ ಹೇಳಿದ್ದೇನೆ.

ಇವತ್ತು ಬೆಳಗ್ಗೆ ನಾಗಣ್ಣನ ಸೈಕಲ್ ಹೋಯಿತು, ಕ್ಯಾರಿಯರ್ ಮೇಲೆ ಊಟದ ಚೀಲ. ಚೀಲ ಮೊದಲಿಗಿಂತ ದಪ್ಪ ಇತ್ತು. ಅರ್ಧ ಗಂಟೆ ಬಿಟ್ಟು ಓಬಕ್ಕ ಬಂದರು. ಮಳಿಗೆಯ ತಕ್ಕಡಿಯ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಕಡೆಯೂ ನೋಡಲಿಲ್ಲ. ಮೊಣಕಾಲು ಹಿಡಿದುಕೊಂಡು, ಅಲ್ಲಲ್ಲಿ ನಿಂತು, ನಡೆದೇ ಹೋದರು.